ಎಂಟನೇ ತರಗತಿಯ ಇಂಗ್ಲಿಷ್: ಅಂಜಿಕೆಯ ಲೆಕ್ಕವೇ ಬೇರೆ, ಪಾಠದ ಲೆಕ್ಕವೇ ಬೇರೆ

ಏಳನೇ ತರಗತಿ ಮುಗಿದು ಹೈಸ್ಕೂಲಿಗೆ ಹೆಸರು ಹಚ್ಚುವ ಹೊತ್ತಿಗೆ ನಮ್ಮ ಮರಿಯಮ್ಮನಹಳ್ಳಿ ಕಡೆ ಮಕ್ಕಳಿಗಿಂತ ಮೊದಲು ಮನೆಯವರಿಗೆ ಇಂಗ್ಲಿಷಿನ ಚಿಂತೆ ಹತ್ತುತ್ತದೆ. ಹೊಸಪೇಟೆಗೆ ಹೋಗಿಬರುವ ಬಸ್ಸಿನಲ್ಲಿ, ಸಂತೆಯಲ್ಲಿ, ಹಿಟ್ಟಿನ ಗಿರಣಿಯ ಮುಂದೆ ಮಾತು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ದಾಟುವಾಗ ಬೆಳೆಯುತ್ತದೆ. ಈ ಮಾತುಗಳನ್ನು ನಂಬಿಕೊಂಡೇ ನಾವೂ ದೊಡ್ಡವರಾದದ್ದು. ಅದಕ್ಕೊಂದು ಕಾರಣವೂ ಇದೆ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆಗ ಇಂಗ್ಲಿಷ್ ಅಂದರೆ ಕಚೇರಿಯ ಕಾಗದ, ಕೋರ್ಟಿನ ನೋಟಿಸು. ಬಲ್ಲವರ ಬಾಗಿಲಿಗೆ ಹೋಗಿ ಓದಿಸಿಕೊಂಡು ಬರಬೇಕಿತ್ತು. ಆ ಅಂಜಿಕೆ ತಲೆಮಾರು ಇಳಿದು ಬಂದು ಈಗ ಹದಿಮೂರು ವರ್ಷದ ಮಗುವಿನ ಪಾಟೀಚೀಲದಲ್ಲಿ ಕೂತಿದೆ. ಮಾತುಗಳನ್ನು ಒಂದೊಂದಾಗಿ ಎದುರಿಗಿಟ್ಟು ನೋಡೋಣ.

ಹೈಸ್ಕೂಲಿನ ಇಂಗ್ಲಿಷ್ ಬೇರೆಯದೇ ಲೋಕ, ಅಲ್ಲಿಯವರೆಗೆ ಕಲಿತದ್ದು ಲೆಕ್ಕಕ್ಕಿಲ್ಲ, ಎಂಟಕ್ಕೆ ಕಾಲಿಟ್ಟ ಮಗು ಸೊನ್ನೆಯಿಂದ ಶುರುಮಾಡಬೇಕು ಎನ್ನುವುದು ಮೊದಲ ಮಾತು.

ವಾಸ್ತವ: ನಮ್ಮ ಕಾಲಕ್ಕೆ ಈ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆಗ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಲ್ಲಿ. 2007-08ರಿಂದ ಅದು ಒಂದನೇ ತರಗತಿಗೇ ಇಳಿದಿದೆ. ಇಂದು ಎಂಟಕ್ಕೆ ಬರುವ ಮಗು ಏಳು ವರ್ಷ ಇಂಗ್ಲಿಷ್ ಪುಸ್ತಕ ತೆರೆದೇ ಬಂದಿರುತ್ತದೆ. ಕಲಿತದ್ದು ಎಷ್ಟು ಉಳಿದಿದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಅಳೆಯಲೆಂದೇ ಜೂನ್ ತಿಂಗಳಲ್ಲಿ ಸೇತುಬಂಧ ನಡೆಯುತ್ತದೆ: ಹಿಂದಿನ ತರಗತಿಗಳಲ್ಲಿ ಬಿಟ್ಟುಹೋದದ್ದೇನು ಎಂದು ಮೊದಲೊಂದು ಪರೀಕ್ಷೆ, ಆಮೇಲೆ ಆ ತೂತು ಮುಚ್ಚುವ ಪಾಠ, ಕೊನೆಗೆ ಮತ್ತೊಂದು ಪರೀಕ್ಷೆ. ಪಠ್ಯ ಇನ್ನೂ ಶುರುವಾಗಿಲ್ಲ ಎಂದುಕೊಂಡು ನಾವು ಜೂನ್ ಮೊದಲ ವಾರಗಳಲ್ಲೇ ಮಕ್ಕಳನ್ನು ಮದುವೆಗೆ, ದೇವರ ಕಾರ್ಯಕ್ಕೆ ಕರೆದೊಯ್ಯುತ್ತೇವೆ. ಅವರಿಗೆ ಹೆಚ್ಚು ಬೇಕಾಗಿದ್ದುದು ಆ ವಾರಗಳೇ.

ಹೊಸತು ಏನೂ ಇಲ್ಲವೇ ಎಂದರೆ, ಇದೆ. ಪಾಠಗಳು ಉದ್ದವಾಗುತ್ತವೆ. ಗದ್ಯ, ಪದ್ಯ, ಜೊತೆಗೆ ತಾನೇ ಓದಿಕೊಳ್ಳಬೇಕಾದ ಪೂರಕ ಪಾಠ ಇರುತ್ತವೆ. ಒಂದೇ ಪದದಲ್ಲಿ ಮುಗಿಯುತ್ತಿದ್ದ ಉತ್ತರ ಈಗ ಎರಡು ಮೂರು ವಾಕ್ಯ ಕೇಳುತ್ತದೆ. ಪತ್ರ ಬರೆಯಬೇಕು, ಚಿತ್ರ ನೋಡಿ ನಾಲ್ಕು ಸಾಲು ಹೇಳಬೇಕು, ಸುಳಿವು ಕೊಟ್ಟರೆ ಕಥೆ ಬೆಳೆಸಬೇಕು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ. ಮಕ್ಕಳ ಬಾಯಲ್ಲಿ ಎಫ್.ಎ., ಎಸ್.ಎ. ಎಫ್.ಎ. ಅಂದರೆ ಬರೀ ಕಿರುಪರೀಕ್ಷೆಯಲ್ಲ. ತರಗತಿಯಲ್ಲಿ ಎದ್ದು ಓದುವುದು, ಸಂಭಾಷಣೆ ಆಡಿ ತೋರಿಸುವುದು, ಚಾರ್ಟು ಮಾಡಿ ವಿವರಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಚಾರ್ಟನ್ನು ಅಂಗಡಿಯಲ್ಲಿ ಬರೆಸಿಕೊಂಡು ಬಂದರೆ ಕಲಿತವನು ಅಂಗಡಿಯವನು.

ಎಂಟರಲ್ಲಿ ಬೋರ್ಡ್ ಪರೀಕ್ಷೆ ಇದೆ, ಇಂಗ್ಲಿಷಿನಲ್ಲಿ ಹೋದರೆ ಮಗು ಅಲ್ಲೇ ಕೂರುತ್ತದೆ ಎಂಬ ಸುದ್ದಿ ಪ್ರತಿ ವರ್ಷ ಫೆಬ್ರುವರಿಯಲ್ಲಿ ಏಳುತ್ತದೆ.

ವಾಸ್ತವ: ಈ ಸುದ್ದಿಗೆ ಬೇರು ಇಲ್ಲದೆ ಇಲ್ಲ. 2023-24ರಲ್ಲಿ 5, 8, 9ನೇ ತರಗತಿಗಳಿಗೂ ಪ್ರಥಮ ಪಿಯುಸಿಗೂ ಮಂಡಳಿಯ ಮೂಲಕ ಪರೀಕ್ಷೆ ನಡೆಸಲು ಸರ್ಕಾರ ಹೊರಟಿತ್ತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ಹತ್ತಿ ಇಳಿಯಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಯಿತು. ಆ ಗದ್ದಲದ ನೆನಪು ಇನ್ನೂ ಸುತ್ತುತ್ತಿದೆ, ಅಷ್ಟೆ. ವದಂತಿ ಬಂದಾಗ ವಾಟ್ಸ್‌ಆ್ಯಪ್ ನೋಡುವ ಬದಲು ಮುಖ್ಯ ಗುರುಗಳನ್ನು ಒಂದು ಮಾತು ಕೇಳಿದರೆ ಸಾಕು.

ಇಂಗ್ಲಿಷ್ ಮಾಧ್ಯಮದ ಮಗು ಓದುವುದು ಮೇಲ್ದರ್ಜೆಯ ಇಂಗ್ಲಿಷ್, ಕನ್ನಡ ಮಾಧ್ಯಮದವರಿಗೆ ಸಿಗುವುದು ಕೆಳದರ್ಜೆಯದು ಎಂದು ನಮ್ಮಲ್ಲಿ ಬಹುಪಾಲು ಮಂದಿ ನಂಬಿದ್ದೇವೆ.

ವಾಸ್ತವ: ರಾಜ್ಯ ಪಠ್ಯಕ್ರಮದಲ್ಲಿ ಇಂಗ್ಲಿಷಿನ ಪುಸ್ತಕವನ್ನು ತೀರ್ಮಾನಿಸುವುದು ಮಾಧ್ಯಮವಲ್ಲ, ಭಾಷೆಯ ಸ್ಥಾನ. ಪ್ರಥಮ ಭಾಷೆ ಕನ್ನಡ, ದ್ವಿತೀಯ ಭಾಷೆ ಇಂಗ್ಲಿಷ್ ಎಂದು ತೆಗೆದುಕೊಂಡ ಇಬ್ಬರು ಮಕ್ಕಳಲ್ಲಿ ಒಬ್ಬಳು ವಿಜ್ಞಾನವನ್ನು ಕನ್ನಡದಲ್ಲಿ ಓದಲಿ, ಇನ್ನೊಬ್ಬಳು ಇಂಗ್ಲಿಷಿನಲ್ಲಿ ಓದಲಿ, ಇಬ್ಬರ ಕೈಯಲ್ಲೂ ಇರುವುದು ಒಂದೇ ಇಂಗ್ಲಿಷ್ ಪುಸ್ತಕ. ಎಸ್ಸೆಸ್ಸೆಲ್ಸಿಯಲ್ಲಿ ಇಬ್ಬರ ಮುಂದೆ ಬರುವುದೂ ಒಂದೇ ಪ್ರಶ್ನೆಪತ್ರಿಕೆ. ಬೇರೆ ಪುಸ್ತಕ ಬರುವುದು ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡವರಿಗೆ. ಎಸ್ಸೆಸ್ಸೆಲ್ಸಿಯಲ್ಲಿ ಅವರಿಗೆ ಅದು 125 ಅಂಕದ ವಿಷಯ, ನಮ್ಮ ಮಕ್ಕಳಿಗೆ 100 ಅಂಕದ್ದು. ನಮ್ಮ ಮಕ್ಕಳ 125 ಕನ್ನಡದಲ್ಲಿದೆ. ಎಲ್ಲರ ಮೊತ್ತವೂ 625.

ಒಂದನ್ನು ಒಪ್ಪಲೇಬೇಕು. ಎಲ್ಲ ವಿಷಯವನ್ನೂ ಇಂಗ್ಲಿಷಿನಲ್ಲಿ ಓದುವ ಮಗುವಿನ ಕಣ್ಣಿಗೆ ಇಂಗ್ಲಿಷ್ ಹೆಚ್ಚು ಬೀಳುತ್ತದೆ. 2019-20ರಲ್ಲಿ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದು ಪಾಲಕರ ಈ ಲೆಕ್ಕಾಚಾರ ನೋಡಿಯೇ. ಆದರೆ ಕಣ್ಣಿಗೆ ಬೀಳುವುದು ಒಂದು, ತಲೆಗೆ ಇಳಿಯುವುದು ಇನ್ನೊಂದು. ಉಸಿರಾಟದ ಪಾಠವನ್ನು ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದ ಮಗುವಿಗೆ ಎರಡು ನಷ್ಟ: ವಿಜ್ಞಾನವೂ ಹೋಯಿತು, ಇಂಗ್ಲಿಷೂ ಬರಲಿಲ್ಲ. ಏಳರವರೆಗೆ ಕನ್ನಡದಲ್ಲಿ ಚೆನ್ನಾಗಿ ಓದಿದ ಮಗುವನ್ನು ಎಂಟರಲ್ಲಿ ಹಠಾತ್ತನೆ ಮಾಧ್ಯಮ ಬದಲಿಸಿ ಕೂರಿಸುವವರು ಈ ಲೆಕ್ಕವನ್ನು ಒಮ್ಮೆಯಾದರೂ ಹಾಕಿ ನೋಡಬೇಕು.

ಇದರ ಬೆನ್ನಿಗೇ ಇನ್ನೊಂದು ಮಾತಿದೆ. ಅಮೆರಿಕದಲ್ಲಿರುವ ನೆಂಟರ ಮಗಳು ಹೈಸ್ಕೂಲಿನ ಮೊದಲ ವರ್ಷಕ್ಕೇ ಆನರ್ಸ್ ಇಂಗ್ಲಿಷ್ ತೆಗೆದುಕೊಂಡಿದ್ದಾಳೆ, ಅಂಥದ್ದು ನಮ್ಮ ಮಕ್ಕಳ ಅಳತೆಗೆ ಸಿಗುವುದಲ್ಲ, ಅದು ಹುಟ್ಟಾ ಜಾಣರಿಗೆ ಎಂದು.

ವಾಸ್ತವ: ಅಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡು. ಆನರ್ಸ್ ಎಂಬುದು ಅದೇ ತರಗತಿಯ ಇಂಗ್ಲಿಷನ್ನು ಸ್ವಲ್ಪ ವೇಗವಾಗಿ, ಸ್ವಲ್ಪ ಆಳವಾಗಿ ಕಲಿಸುವ ವಿಭಾಗ. ಅದಕ್ಕೆ ಸೇರಿಸುವ ನಿಯಮ, ಅಂಕಕ್ಕೆ ಕೊಡುವ ತೂಕ ಶಾಲೆಯಿಂದ ಶಾಲೆಗೆ ಬದಲಾಗುತ್ತವೆ. ಅಲ್ಲಿ ಬೇರೆ ವ್ಯಾಕರಣವೇನೂ ಇಲ್ಲ. ಪಾಠದ ತುಣುಕಿನ ಬದಲು ಇಡೀ ಪುಸ್ತಕ ಓದುತ್ತಾರೆ. ಶೇಕ್ಸ್‌ಪಿಯರನ ರೋಮಿಯೋ ಆ್ಯಂಡ್ ಜೂಲಿಯೆಟ್, ಹೋಮರನ ಒಡಿಸ್ಸಿ, ಹಾರ್ಪರ್ ಲೀ 1960ರಲ್ಲಿ ಪ್ರಕಟಿಸಿದ ಟು ಕಿಲ್ ಎ ಮಾಕಿಂಗ್‌ಬರ್ಡ್ ಇಂಥ ತರಗತಿಗಳಲ್ಲಿ ಸಾಮಾನ್ಯ. ಕೆಲವು ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೇ ಒಂದು ಪುಸ್ತಕ ಓದಿ ಬರಬೇಕು. ಓದಿದ ಮೇಲೆ ಪ್ರಬಂಧ: ನಿನ್ನ ಅಭಿಪ್ರಾಯ ಏನು, ಅದಕ್ಕೆ ಪುಸ್ತಕದ ಯಾವ ಸಾಲು ಸಾಕ್ಷಿ? ಬೇರೆಯವರದ್ದನ್ನು ನಕಲು ಮಾಡಿ ಕೊಟ್ಟರೆ ಅದು ಕಳವು, ಅಂಕ ಇಲ್ಲ.

ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ಆನರ್ಸ್ ಎಂಬ ವಿಭಾಗವಿಲ್ಲ. ಎ ಸೆಕ್ಷನ್ ಜಾಣರದ್ದು, ಬಿ ಸೆಕ್ಷನ್ ದಡ್ಡರದ್ದು ಎಂಬುದು ಎಲ್ಲೋ ಯಾರೋ ಮಾಡಿಕೊಂಡ ರೂಢಿ, ಪಠ್ಯಕ್ರಮ ಹೇಳಿದ್ದಲ್ಲ. ಇಷ್ಟಾದರೂ ಆನರ್ಸಿನ ತಿರುಳು ನಮ್ಮ ಪುಸ್ತಕದಲ್ಲೇ ಮಾಡಲು ಬರುತ್ತದೆ. ಹತ್ತನೇ ತರಗತಿಯ ದ್ವಿತೀಯ ಭಾಷೆ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ ಎ ಹೀರೋ ಕಥೆಯಿದೆ. ಅಪ್ಪನ ಸವಾಲಿಗೆ ಸಿಕ್ಕಿ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗಬೇಕಾದ ಸ್ವಾಮಿ ಹೆದರಿ ಬೆಂಚಿನ ಕೆಳಗೆ ನುಸುಳುತ್ತಾನೆ, ಕತ್ತಲಲ್ಲಿ ಸರಿದಾಡಿದ್ದನ್ನು ಭೂತವೆಂದು ತಿಳಿದು ಕಚ್ಚುತ್ತಾನೆ, ಸಿಕ್ಕಿಬಿದ್ದವನು ಕಳ್ಳ. ಊರೆಲ್ಲ ಅವನನ್ನು ಧೀರ ಎನ್ನುತ್ತದೆ. ಸ್ವಾಮಿ ಧೀರನೋ, ಅದೃಷ್ಟವಂತನೋ? ಯಾವ ಸಾಲು ನೋಡಿ ಹಾಗೆ ಹೇಳುತ್ತೀ? ಇಷ್ಟು ಕೇಳಿದರೆ ಅದೇ ಆನರ್ಸ್ ಪ್ರಶ್ನೆ. ಉತ್ತರವನ್ನು ಮಗು ಮೊದಲು ಕನ್ನಡದಲ್ಲಿ ಹೇಳಲಿ, ಆಮೇಲೆ ಮುರುಕು ಇಂಗ್ಲಿಷಿನಲ್ಲಿ ಬರೆಯಲಿ. ಯೋಚನೆ ಇದ್ದರೆ ವಾಕ್ಯ ತಿದ್ದಬಹುದು. ಯೋಚನೆಯೇ ಇಲ್ಲದಿದ್ದರೆ ತಿದ್ದಲು ಏನಿದೆ?

ಈಗ ನಾಲಿಗೆಯ ವಿಚಾರ. ಕೆಲವು ಮಕ್ಕಳ ನಾಲಿಗೆ ದಪ್ಪ, ಅವರಿಗೆ ಇಂಗ್ಲಿಷ್ ಹೊರಳುವುದಿಲ್ಲ. ತಾಂಡಾದ ಮಕ್ಕಳಿಗೆ, ಮನೆಯಲ್ಲಿ ತೆಲುಗು ಇಲ್ಲವೇ ಉರ್ದು ಆಡುವವರಿಗೆ ಮೂರು ಭಾಷೆ ಕಲಸಿ ಇನ್ನೂ ಕಷ್ಟ. ಬಜೆ ತೇಯ್ದು ನಾಲಿಗೆಗೆ ಹಚ್ಚಬೇಕು, ಒಂದೆಲಗ ತಿನ್ನಿಸಬೇಕು, ತಾಯತ ಕಟ್ಟಿಸಬೇಕು ಎಂದು ಹಿರಿಯರು ಹೇಳುತ್ತಾರೆ. ಪುಸ್ತಕದಲ್ಲಿ ನವಿಲುಗರಿ ಇಡುವವರೂ ಇದ್ದಾರೆ. ನವಿಲುಗರಿಯ ಬಗ್ಗೆ ನಮ್ಮ ತಕರಾರಿಲ್ಲ, ಪುಸ್ತಕ ತೆರೆಯಲು ಅದೊಂದು ನೆಪವಾಗುತ್ತದೆ.

ವಾಸ್ತವ: ತಪ್ಪು ನಾಲಿಗೆಯದಲ್ಲ. ಆಡುಗನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಅದಕ್ಕೇ ಬಸ್ ನಮ್ಮಲ್ಲಿ ಬಸ್ಸು, ಕಾರ್ ಕಾರು. ಪದದ ಮೊದಲಲ್ಲೇ ಸಕಾರಕ್ಕೆ ಇನ್ನೊಂದು ವ್ಯಂಜನ ಜೋಡಿಯಾಗಿ ಬಂದರೆ ನಮ್ಮ ಬಾಯಿ ಮುಂದೊಂದು ಇ ಸೇರಿಸಿಕೊಂಡು ಇಸ್ಕೂಲು ಎನ್ನುತ್ತದೆ. ಇದು ಅಭ್ಯಾಸದ ಫಲ, ಅಭ್ಯಾಸದಿಂದಲೇ ಬದಲಾಗುತ್ತದೆ. ಎರಡನೆಯ ತೊಡಕು ಲಿಪಿಯದು. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಅಕ್ಷರ 26, ಧ್ವನಿಗಳು ಸುಮಾರು 44. ಕಟ್ ಎನ್ನುವಾಗ ಅ ಆದ ಯು ಅಕ್ಷರ ಪುಟ್ ಎನ್ನುವಾಗ ಉ ಆಗುತ್ತದೆ. ಇದನ್ನು ನೋಡಿ ಮಗು ತಡವರಿಸಿದರೆ ಮಗು ಸರಿಯಾಗೇ ಯೋಚಿಸುತ್ತಿದೆ ಎಂದರ್ಥ. ತಡವರಿಕೆಗೆ ಮದ್ದು ಬೇರಿನಲ್ಲಿಲ್ಲ. ಗಟ್ಟಿಯಾಗಿ ಓದುವವರನ್ನು ಕೇಳಿ, ತಾನೂ ಗಟ್ಟಿಯಾಗಿ ಓದಬೇಕು.

ತಾಂಡಾದ ಮಗುವಿನ ಬಗೆಗಿನ ಮಾತಂತೂ ತೀರಾ ತಲೆಕೆಳಗು. ಮನೆಯಲ್ಲಿ ಲಂಬಾಣಿ, ಅಂಗಳದಾಚೆ ಕನ್ನಡ, ಜೊತೆಗೆ ಹಿಂದಿ ಹಾಡು. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದನ್ನು ಆ ಮಗು ಐದನೇ ವಯಸ್ಸಿಗೇ ಕಲಿತಿದೆ. ಮನೆಯಲ್ಲಿ ಕನ್ನಡ ಮಾತ್ರ ಆಡಿದ ಮಗುವಿಗೆ ಈ ಅನುಭವ ಸಿಗುವುದೇ ಶಾಲೆಗೆ ಬಂದ ಮೇಲೆ. ನಮ್ಮ ಸೀಮೆಯ ಹೆಸರಾಂತ ನಟ ಬಳ್ಳಾರಿ ರಾಘವ (1880–1946) ತೆಲುಗು ರಂಗಭೂಮಿಯ ದೊಡ್ಡ ಹೆಸರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಣ್ಣ ಹಚ್ಚಿದವರು, ವೃತ್ತಿಯಲ್ಲಿ ವಕೀಲರು. ಅವರಿಗೆ ಒಂದು ಭಾಷೆ ಇನ್ನೊಂದನ್ನು ಕಲಸಿಹಾಕಲಿಲ್ಲ.

ಆದರೆ ಒಂದು ಎಚ್ಚರ ಬೇಕು. ಎಂಟಕ್ಕೆ ಬಂದರೂ ಕನ್ನಡವನ್ನೇ ಕೂಡಿಸಿ ಓದಲಾಗದ, ಅಕ್ಷರಗಳನ್ನು ಮತ್ತೆ ಮತ್ತೆ ಅದಲುಬದಲು ಮಾಡುವ ಮಗು ಸೋಮಾರಿ ಆಗಿರಬೇಕಿಲ್ಲ. ಮೊದಲು ಕಣ್ಣು ತೋರಿಸಿ. ಹಲಗೆಯ ಅಕ್ಷರ ಕಾಣದೆಯೇ ದಡ್ಡರೆನಿಸಿಕೊಂಡವರು ಎಷ್ಟೋ ಮಂದಿ. ಕಣ್ಣು ಸರಿಯಿದ್ದರೆ ಅದು ಕಲಿಕಾ ನ್ಯೂನತೆಯೂ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸಿದೆ. ವೈದ್ಯರ ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಯಲ್ಲಿ ರಿಯಾಯಿತಿಯೂ ಸಿಗುತ್ತದೆ. ತಾಯತಕ್ಕೆ ಕಳೆದ ಎರಡು ವರ್ಷ ತಿರುಗಿ ಬರುವುದಿಲ್ಲ.

ವ್ಯಾಕರಣ ಪೂರ್ತಿ ಬಂದ ಮೇಲೇ ಓದು ಬರಹ, ಅಲ್ಲಿಯವರೆಗೆ ಗೈಡಿನ ಉತ್ತರ ಕಂಠಪಾಠ ಮಾಡಿದರೆ ಪಾರಾಗಬಹುದು ಎಂಬುದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಮೇಷ್ಟ್ರುಗಳಲ್ಲೂ ಇದನ್ನು ನಂಬುವವರಿದ್ದಾರೆ.

ವಾಸ್ತವ: ಮರಿಯಮ್ಮನಹಳ್ಳಿ ನಾಟಕದ ಊರು, ಆದ್ದರಿಂದ ಇದನ್ನು ಇಲ್ಲಿ ವಿವರಿಸುವುದು ಸುಲಭ. ತಾಲೀಮಿನಲ್ಲಿ ಯಾರೂ ಮೊದಲು ವ್ಯಾಕರಣ ಕೇಳುವುದಿಲ್ಲ. ಮಾತು ಕೇಳುತ್ತಾರೆ, ಆಡುತ್ತಾರೆ, ತಪ್ಪಿದಲ್ಲಿ ಮಾಸ್ತರ ತಡೆಯುತ್ತಾನೆ, ಮತ್ತೆ ಆಡುತ್ತಾರೆ. ಓದು ಬಾರದವರೂ ಹೀಗೆ ಇಡೀ ನಾಟಕದ ಮಾತು ಹಿಡಿದದ್ದನ್ನು ನಾವು ಕಂಡಿದ್ದೇವೆ. ಇಲ್ಲೂ ಕಂಠಪಾಠ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಅರ್ಥ ತಿಳಿದು, ಯಾರಿಗೆ ಯಾಕೆ ಹೇಳುತ್ತಿದ್ದೇನೆ ಎಂದು ಗೊತ್ತಿದ್ದು ಮಾಡಿದ ಕಂಠಪಾಠ ಅದು. ಗೈಡಿನ ಉತ್ತರಕ್ಕೆ ಆ ಗೊತ್ತು ಇಲ್ಲ. ಪ್ರಶ್ನೆಯ ಒಂದು ಪದ ಬದಲಾದರೆ ಉತ್ತರ ಕೈಕೊಡುತ್ತದೆ.

ವ್ಯಾಕರಣ ಬೇಡವೇ? ಬೇಕು. ಆದರೆ ಪಾಠದೊಳಗೆ ಬಂದ ವಾಕ್ಯದಿಂದ ಹೊರತೆಗೆದು ನೋಡಿದರೆ ಅದು ನಿಲ್ಲುತ್ತದೆ. ಹನ್ನೆರಡು ಕಾಲರೂಪಗಳ ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಂಡು, ನಿನ್ನೆ ಸಂತೆಗೆ ಹೋಗಿದ್ದೆ ಎಂದು ಬರೆಯಲಾಗದ ಮಕ್ಕಳು ಎಷ್ಟು ಬೇಕು! ಹತ್ತರ ಪ್ರಶ್ನೆಪತ್ರಿಕೆಯನ್ನೇ ಬಿಡಿಸಿ ನೋಡಿ. ಪತ್ರ, ಪ್ರಬಂಧ, ವ್ಯಕ್ತಿ ಪರಿಚಯ, ಚಿತ್ರ ವಿವರಣೆ, ಹಿಂದೆಂದೂ ಓದದ ಒಂದು ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ. ಬಾಯಿಪಾಠದಿಂದಲೇ ಬರೆಯಬೇಕಾದದ್ದು ಪದ್ಯದ ನಾಲ್ಕು ಸಾಲು. ಉಳಿದದ್ದಕ್ಕೆ ಸ್ವಂತ ವಾಕ್ಯ ಬೇಕು. ಸ್ವಂತ ವಾಕ್ಯ ಹತ್ತರ ಜನವರಿಯಲ್ಲಿ ಹುಟ್ಟುವುದಿಲ್ಲ, ಎಂಟರ ಜುಲೈಯಿಂದ ದಿನಕ್ಕೆ ಮೂರು ಮೂರು ಬರೆದು ಬರಬೇಕು. ಅದರಲ್ಲಿ ತಪ್ಪಿರುತ್ತದೆ. ಕೆಂಪು ಶಾಯಿಯ ಗುರುತು ಕಂಡು ಮನೆಯಲ್ಲಿ ಬೈಯಬೇಡಿ. ಗುರುತೇ ಇಲ್ಲದ ನೋಟ್‌ಬುಕ್ ಕಂಡರೆ ಚಿಂತೆ ಮಾಡಿ. ಒಂದೋ ಅದು ಗೈಡಿನಿಂದ ಇಳಿಸಿದ್ದು, ಇಲ್ಲವೇ ಯಾರೂ ನೋಡದ್ದು.

ಹೊಸಪೇಟೆಯಲ್ಲಿ ಮೂವತ್ತು ದಿನದ ಸ್ಪೋಕನ್ ಇಂಗ್ಲಿಷ್ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ, ಹಂಪಿಯ ಹುಡುಗರನ್ನು ಉದಾಹರಣೆ ಕೊಡುತ್ತಾರೆ.

ವಾಸ್ತವ: ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಅಲ್ಲಿನ ಆಟೋದವರು, ಎಳನೀರಿನವರು ಹೊರದೇಶದವರೊಂದಿಗೆ ಸರಾಗ ಮಾತಾಡುವುದು ನಿಜ, ಮೆಚ್ಚಬೇಕಾದದ್ದೇ. ಅವರು ಕಲಿತದ್ದು ಮೂವತ್ತು ದಿನದಲ್ಲಲ್ಲ, ವರ್ಷಗಟ್ಟಲೆ ದಿನವಿಡೀ ಆಡಿ. ಅದೂ ಆಡುವ ಇಂಗ್ಲಿಷ್. ಎಂಟನೇ ತರಗತಿ ಬರೆಯುವುದನ್ನೂ ಕೇಳುತ್ತದೆ.

ಇಂಗ್ಲಿಷಿನಲ್ಲಿ ಮುಂದೆ ಬರಬೇಕಾದರೆ ಮನೆಯಲ್ಲಿ ಕನ್ನಡ ಪುಸ್ತಕ ಕೆಳಗಿಡಬೇಕು, ಎರಡು ದೋಣಿಯಲ್ಲಿ ಕಾಲಿಟ್ಟರೆ ಎರಡೂ ಹೋಗುತ್ತವೆ ಎನ್ನುವವರಿದ್ದಾರೆ. ಕನ್ನಡದ ಅಭಿಮಾನಿಗಳಲ್ಲೂ ಕೆಲವರು ಇದನ್ನೇ ತಿರುಗಿಸಿ ಹೇಳುತ್ತಾರೆ: ಇಂಗ್ಲಿಷ್ ಚೆನ್ನಾಗಿ ಕಲಿತವನು ಕನ್ನಡಕ್ಕೆ ಎರವಾಗುತ್ತಾನೆ.

ವಾಸ್ತವ: ಇಬ್ಬರಿಗೂ ಉತ್ತರ ಒಬ್ಬರೇ. ವಿ.ಕೃ. ಗೋಕಾಕ್ ಆಕ್ಸ್‌ಫರ್ಡಿನಲ್ಲಿ ಓದಿದವರು, ಬದುಕಿನುದ್ದಕ್ಕೂ ಇಂಗ್ಲಿಷ್ ಕಲಿಸಿದವರು, ಇಂಗ್ಲಿಷಿನಲ್ಲಿ ಕವಿತೆ ಬರೆದವರು. ಅವರ ಅಧ್ಯಕ್ಷತೆಯ ಸಮಿತಿಯೇ 1981ರಲ್ಲಿ ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. ಅದನ್ನು ಜಾರಿಗೆ ತರಲು 1982ರಲ್ಲಿ ನಾಡೆಲ್ಲ ಚಳವಳಿ ನಡೆಯಿತು, ರಾಜ್‌ಕುಮಾರ್ ಬೀದಿಗಿಳಿದರು. ಅದೇ ಗೋಕಾಕರ ದಿ ಸಾಂಗ್ ಆಫ್ ಇಂಡಿಯಾ ಎಂಬ ಇಂಗ್ಲಿಷ್ ಕವಿತೆಯನ್ನು ನಮ್ಮ ಮಕ್ಕಳು ಹತ್ತನೇ ತರಗತಿಯ ದ್ವಿತೀಯ ಭಾಷೆ ಪುಸ್ತಕದಲ್ಲಿ ಓದಿದ್ದಾರೆ. ಬಿ.ಎಂ. ಶ್ರೀಕಂಠಯ್ಯ, ಎ.ಎನ್. ಮೂರ್ತಿರಾವ್, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಮೇಷ್ಟ್ರೇ. ಕನ್ನಡದಲ್ಲಿ ಕಥೆಯ ಸುಳಿ ಹಿಡಿಯಬಲ್ಲ ಮಗು ಇಂಗ್ಲಿಷ್ ಕಥೆಯಲ್ಲಿ ಪದಕ್ಕೆ ಮಾತ್ರ ತಡೆಯುತ್ತದೆ. ಕನ್ನಡವೇ ಬಾರದ ಮಗು ಪದಕ್ಕೂ ತಡೆಯುತ್ತದೆ, ಕಥೆಗೂ ತಡೆಯುತ್ತದೆ.

ಕೊನೆಯದು, ನಾವು ಪಾಲಕರು ನಮ್ಮ ಬಗ್ಗೆಯೇ ನಂಬಿಕೊಂಡದ್ದು: ನಮಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ನಾವು ಮಾಡುವಂಥದ್ದು ಏನೂ ಇಲ್ಲ, ಫೀಸು ಕಟ್ಟಿದರೆ ಮುಗಿಯಿತು.

ವಾಸ್ತವ: ಎದುರಿಗೆ ಕೂತು ಕೇಳಲು ಇಂಗ್ಲಿಷ್ ಬರಬೇಕಿಲ್ಲ. ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದಿಸಿ, ಇದರಲ್ಲಿ ಏನಾಯಿತು ಎಂದು ಕನ್ನಡದಲ್ಲೋ ಲಂಬಾಣಿಯಲ್ಲೋ ಉರ್ದುವಿನಲ್ಲೋ ಹೇಳಿಸಿ. ಹೇಳಲು ಬಂದರೆ ಅರ್ಥವಾಗಿದೆ, ಬರದಿದ್ದರೆ ಮರುದಿನ ಮೇಷ್ಟ್ರನ್ನು ಕೇಳಿ ಬಾ ಎನ್ನಿ. ಪಾಲಕರ ಸಭೆಗೆ ಹೋದಾಗ ಮಾರ್ಕ್ಸ್ ಎಷ್ಟು ಬಂತು ಎಂದಷ್ಟೇ ಕೇಳಿ ಎದ್ದು ಬರಬೇಡಿ. ಸೇತುಬಂಧದಲ್ಲಿ ನನ್ನ ಮಗು ಎಲ್ಲಿ ನಿಂತಿತ್ತು, ತಾನಾಗಿ ಬರೆದ ಒಂದು ಪುಟ ತೋರಿಸಿ ಎಂದು ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ. ಬಹುತೇಕ ಹೈಸ್ಕೂಲುಗಳಲ್ಲಿ ಪುಸ್ತಕದ ಬೀರು ಇರುತ್ತದೆ, ಅದರಲ್ಲಿ ಚಿಕ್ಕ ಇಂಗ್ಲಿಷ್ ಕಥೆಪುಸ್ತಕಗಳೂ ಇರುತ್ತವೆ, ಬೀಗವೂ ಇರುತ್ತದೆ. ಆ ಬೀಗ ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎದ್ದು ನಿಂತು ಕೇಳಿ.